ಈ ನೀರು ಯಾರು ಬಿಟ್ಟಾರ?

ಗೋಕರ್ಣದ ದಂಡೆ ಮೇಲೆ ಮೊದಲ ಸಲ ನಿಂತಾಗ ನನ್ನ ಆರು ವರ್ಷದ ಮಗಳು ಬೆರಗಾಗಲಿಲ್ಲ, ಕುಣಿಯಲಿಲ್ಲ. ಸೊಂಟಕ್ಕೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿದಳು: “ಅವ್ವಾ, ಈ ನೀರು ಯಾರು ಬಿಟ್ಟಾರ? ಯಾವಾಗ ಬಂದ್ ಮಾಡ್ತಾರ?”

ನನ್ನ ತವರು ಸಿಂಧನೂರಿನ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಮಗ್ಗುಲಿಗೆ. ಅಪ್ಪ ಆ ಕಾಲುವೆ ಮೇಲೆ ಗ್ಯಾಂಗ್‌ಮನ್ ಆಗಿದ್ದವರು. ಮದುವೆಯಾಗಿ ಬಂದದ್ದು ಸಂತೆಕಲ್ಲೂರಿಗೆ, ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಘನಮಠ ಶಿವಯೋಗಿಗಳ ಊರಿಗೆ. ಇಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತೇನೆ. ನನ್ನ ಮಕ್ಕಳಿಗೆ ಹರಿಯುವ ನೀರು ಅಂದರೆ ರಜೆಯಲ್ಲಿ ಅಜ್ಜನ ಊರಲ್ಲಿ ಕಾಣುವ ಕಾಲುವೆ. ಅದನ್ನು ಯಾರೋ ಬಿಡುತ್ತಾರೆ, ಯಾರೋ ನಿಲ್ಲಿಸುತ್ತಾರೆ, ನಡುವೆ ಪಾಳಿಗಾಗಿ ದೊಡ್ಡವರು ಜಗಳಾಡುತ್ತಾರೆ. ಹಿಂದಿನ ಆಗಸ್ಟಿನಲ್ಲಷ್ಟೇ, 2024ರ 10ನೇ ತಾರೀಖಿನ ರಾತ್ರಿ, ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿ ನಮ್ಮ ಭಾಗದ ಜನಕ್ಕೆಲ್ಲ ವಾರಗಟ್ಟಲೆ ಅದೇ ಮಾತಾಗಿತ್ತು. ಹಾಗಾಗಿ ಮಗಳ ಮುಂದಿನ ಪ್ರಶ್ನೆಯೂ ಸರಿಯಾಗಿಯೇ ಇತ್ತು: “ಇದರ ಗೇಟು ಮುರದ್ರ?”

ನಾವು ಹೊರಟದ್ದು 2025ರ ಜನವರಿ ಮೊದಲ ವಾರ, ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲದಲ್ಲಿ ಚರಗ ಚೆಲ್ಲಿ ಮುಗಿಸಿ. ನಾನು, ನಮ್ಮನಿಯವರು, ಅತ್ತಿ, ಮಗಳು, ಮೂರೂವರೆ ವರ್ಷದ ಮಗ. ಮೂರು ಸಿ.ಎಲ್., ಒಂದು ಭಾನುವಾರ. ನಮ್ಮನಿಯವರು ಮೊಬೈಲಿನಲ್ಲಿ ನೋಡಿ ನೋಡಿ ದೊಡ್ಡ ಪಟ್ಟಿ ಮಾಡಿದ್ದರು. ಕಾರವಾರದಿಂದ ಮಲ್ಪೆವರೆಗೆ ಏಳು ಊರು, ಪ್ಯಾರಾಸೇಲಿಂಗ್, ಬನಾನಾ ಬೋಟು, ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ. ಸ್ಕೂಬಾಕ್ಕೆ ಸಾಮಾನ್ಯವಾಗಿ ಕನಿಷ್ಠ 10 ವರ್ಷ ಆಗಿರಬೇಕು ಅಂದಾಗ ಅವರ ಮುಖ ಸಣ್ಣದಾಯಿತು. ಏಳರಲ್ಲಿ ಐದು ಊರು ಹೊಡೆದುಹಾಕಿದೆ. ಗೋಕರ್ಣದಲ್ಲಿ ಎರಡು ರಾತ್ರಿ, ಹೊನ್ನಾವರದ ಹತ್ತಿರ ಒಂದು ರಾತ್ರಿ, ಅಷ್ಟೇ. ಐದರೊಳಗಿನ ಮಗುವನ್ನು ದಿನಕ್ಕೊಂದು ಊರು ತಿರುಗಿಸಿದರೆ ಅದು ನೋಡುವುದು ಕಾರಿನ ಸೀಟಿನ ಬೆನ್ನನ್ನು ಮಾತ್ರ.

ನಮ್ಮೂರಿಂದ ಗೋಕರ್ಣ 350 ಕಿ.ಮೀ. ಆಸುಪಾಸು. ಕುಷ್ಟಗಿ, ಗದಗ, ಹುಬ್ಬಳ್ಳಿ, ಯಲ್ಲಾಪುರ. ರೈಲಿನಲ್ಲಿ ಹೋಗೋಣ ಅಂದರೆ ಹುಬ್ಬಳ್ಳಿ–ಅಂಕೋಲಾ ಮಾರ್ಗ ದಶಕಗಳಿಂದ ಕಾಗದದ ಮೇಲೆಯೇ ಓಡುತ್ತಿದೆ. ನಸುಕಿನ ನಾಲ್ಕಕ್ಕೆ ಹೊರಟೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮಂಡಾಳು ಕಟ್ಟಿಕೊಂಡಿದ್ದೆ. ಅರಬೈಲ್ ಘಟ್ಟದಲ್ಲಿ ಮಗ ಎರಡು ಸಲ ವಾಂತಿ ಮಾಡಿಕೊಂಡ. ತಿರುವಿನ ರಸ್ತೆಯಲ್ಲಿ ಕಿವಿಯೊಳಗಿನ ಸಮತೋಲದ ಅಂದಾಜು ಒಂದು ಹೇಳುತ್ತದೆ, ಕಾರಿನೊಳಗೆ ನೆಟ್ಟ ಕಣ್ಣು ಇನ್ನೊಂದು ಹೇಳುತ್ತದೆ. ಎರಡು ವರ್ಷ ದಾಟಿದ ಮಕ್ಕಳಿಗೆ ಹನ್ನೆರಡರವರೆಗೆ ಈ ಕಾಟ ಜಾಸ್ತಿ. ಮೊಬೈಲು ಕಸಿದುಕೊಂಡು, ಕಿಟಕಿ ಇಳಿಸಿ, ದೂರದ ಗುಡ್ಡ ತೋರಿಸುತ್ತಾ ಹೋಗಬೇಕು. ಹುಬ್ಬಳ್ಳಿಯಲ್ಲಿ ಹೊಟ್ಟೆ ತುಂಬ ಉಪ್ಪಿಟ್ಟು ತಿನ್ನಿಸಿದ್ದು ನನ್ನದೇ ತಪ್ಪು.

ಅಂಕೋಲಾ ದಾಟಿ ಶಿರೂರಿಗೆ ಬಂದಾಗ ನಮ್ಮನಿಯವರು ಮಾತು ನಿಲ್ಲಿಸಿದರು. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯನ್ನೂ ಗಂಗಾವಳಿ ನದಿಯನ್ನೂ ತುಂಬಿದ ಜಾಗ. ಮಳೆಗಾಲದಲ್ಲಿ ಈ ದಾರಿಯೂ ಬೇಡ, ಕಡಲೂ ಬೇಡ. ಮೀನುಗಾರರ ಯಂತ್ರದ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಸಮುದ್ರ ಬಂದ್. ಅದು ಮುಖ್ಯವಾಗಿ ಮೀನು ಮರಿ ಮಾಡುವ ಕಾಲ ಅಂತ, ಆದರೂ ಆ ಕಡಲನ್ನೇ ಉಂಡು ಬೆಳೆದವರು ದಡದಲ್ಲಿ ಕೂತಿರುವಾಗ ಕಪ್ಪುನೆಲದ ನಾವು ಮಕ್ಕಳನ್ನು ಕರಕೊಂಡು ಹೋಗುವುದು ಬೇಡ. ನವೆಂಬರಿನಿಂದ ಫೆಬ್ರುವರಿ, ನನ್ನ ಮಟ್ಟಿಗೆ ಇಷ್ಟೇ ಕಾಲ.

ಇನ್ನು ನೀರಿನ ವಿಷಯ. ಹೊರಡುವ ಮುಂಚೆ ನನ್ನ ನಿದ್ದೆ ಕೆಡಿಸಿದ್ದು ಇದೇ. ಮೂರು ವಾರದ ಹಿಂದಷ್ಟೇ, ಡಿಸೆಂಬರಿನಲ್ಲಿ, ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಹುಡುಗಿಯರು ಅಲೆಗೆ ಸಿಕ್ಕು ತೀರಿಕೊಂಡಿದ್ದರು. ನಾನೂ ಟೀಚರ್, ಆ ಸುದ್ದಿ ಓದಿದ ದಿನ ಊಟ ಸೇರಲಿಲ್ಲ. ಬಯಲುಸೀಮೆಯ ಮಕ್ಕಳಿಗೆ ಸಮುದ್ರದ ಓದು ಬರುವುದಿಲ್ಲ. ದೊಡ್ಡವರಾದ ನಮಗೂ ಬರುವುದಿಲ್ಲ.

ನನಗೆ ಅದನ್ನು ಓದಿಸಿದ್ದು ಗೋಕರ್ಣದ ಕುಡ್ಲೆ ದಂಡೆಯಲ್ಲಿ ಎಳನೀರು ಮಾರುವ ಹೆಂಗಸು. ನಾವು ಅಲೆ ಕಡಿಮೆ ಇದ್ದ, ನೀರು ತುಸು ಕಪ್ಪಗೆ ಸಪಾಟಾಗಿ ಕಂಡ ಜಾಗ ನೋಡಿ, ಮಕ್ಕಳಿಗೆ ಇದೇ ಚಲೋ ಅಂತ ಚಾಪೆ ಹಾಸುತ್ತಿದ್ದೆವು. ಆಕೆ ಕತ್ತಿ ಹಿಡಿದುಕೊಂಡೇ ಬಂದು, “ಅಕ್ಕಾ, ಅಲ್ಲಿ ಮಕ್ಕಳ್ನ ಇಳಿಸುಕಾಗ. ಅಲ್ಲಿ ಎಳೀತದೆ” ಅಂದಳು. ಅಲೆ ಒಡೆಯುವ ಜಾಗಕ್ಕೇ ಹೋಗಿ ಅಂತ ಕೈ ತೋರಿಸಿದಳು. ನನಗೆ ತಲೆಕೆಳಗು ಅನ್ನಿಸಿತು.

ಆಮೇಲೆ ತಿಳಿಯಿತು, ನಮ್ಮ ಕಾಲುವೆಯ ಭಾಷೆಯಲ್ಲೇ. ಅಲೆಗಳು ನೀರನ್ನು ತಂದು ತಂದು ದಡಕ್ಕೆ ಒಟ್ಟುತ್ತವೆ. ಒಟ್ಟಿದ ನೀರು ವಾಪಸು ಹೋಗಲೇಬೇಕು. ಮರಳಿನ ದಿಬ್ಬಗಳ ನಡುವೆ ತಗ್ಗು ಎಲ್ಲಿದೆಯೋ ಅಲ್ಲಿ ತೂಬು ತೆಗೆದ ಹಾಗೆ ನುಗ್ಗುತ್ತದೆ. ಅಂದರೆ ಸಮುದ್ರದೊಳಗೂ ಕಾಲುವೆ ಇದೆ, ನಾವು ‘ಸೆಳವು’ ಅನ್ನುತ್ತೇವಲ್ಲ, ಅದೇ. ಅಲ್ಲಿ ಆಳ ಇರುವುದರಿಂದ ಅಲೆ ಒಡೆಯುವುದಿಲ್ಲ, ನೊರೆ ಇಲ್ಲ, ಶಾಂತವಾಗಿ ಕಾಣುತ್ತದೆ. ಕೆಲವೊಮ್ಮೆ ಅದರ ವೇಗ ಸೆಕೆಂಡಿಗೆ 2 ಮೀಟರು ದಾಟುತ್ತದೆ. ಈಜುಗಾರನೂ ಎದುರೀಜಿ ಗೆಲ್ಲುವುದಿಲ್ಲ. ಸಿಕ್ಕಿಬಿದ್ದರೆ ದಡದ ಕಡೆ ಗುದ್ದಾಡದೆ, ತೇಲುತ್ತಾ, ದಡದ ಉದ್ದಕ್ಕೆ ಅಡ್ಡ ಈಜಿ ಆ ಕಾಲುವೆಯಿಂದ ಹೊರಬರಬೇಕು. ಇದು ದೊಡ್ಡವರಿಗೆ. ಮೂರೂವರೆ ವರ್ಷದವನಿಗೆ ಇದ್ಯಾವುದೂ ನಡೆಯದು, ಅವನಿಗೆ ಇರುವುದು ನಮ್ಮ ಕೈ ಒಂದೇ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು, ಅದರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು. ಸಿನಿಮಾದಲ್ಲಿ ತೋರಿಸುವ ಹಾಗೆ ಅವು ಕೈ ಬಡಿಯುವುದಿಲ್ಲ, ಕೂಗುವುದಿಲ್ಲ, ಸುಮ್ಮನೆ ಒಳಗೆ ಹೋಗಿಬಿಡುತ್ತವೆ. ಕಾಲುವೆ ದಂಡೆಯವಳಿಗೆ ಇದು ಹೊಸ ವಿಷಯವಲ್ಲ. ಐದು ಜನ ಇದ್ದಲ್ಲಿ ಮಗು ಹೋಗುವುದು ಯಾಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ. ಅದಕ್ಕೆ ನಾನು ಗ್ಯಾಂಗ್‌ಮನ್ ಮಗಳ ಉಪಾಯ ಮಾಡಿದೆ: ಅಪ್ಪನ ಹಳೇ ಕೆಂಪು ವಸ್ತ್ರ. ಅದು ಯಾರ ಹೆಗಲ ಮೇಲಿದೆಯೋ ಅವರದು ಪಾಳಿ. ಅವರು ಮೊಬೈಲು ಮುಟ್ಟುವಂತಿಲ್ಲ, ಶೇಂಗಾ ಸುಲಿಯುವಂತಿಲ್ಲ, ಮಗನಿಂದ ಒಂದು ಕೈಯಳತೆಗಿಂತ ದೂರ ನಿಲ್ಲುವಂತಿಲ್ಲ. ಇಪ್ಪತ್ತು ನಿಮಿಷಕ್ಕೆ ವಸ್ತ್ರ ಕೈ ಬದಲಾಗಬೇಕು, “ತಗೊಂಡೆ” ಅಂತ ಬಾಯಿಬಿಟ್ಟು ಹೇಳಬೇಕು. ಮೊದಮೊದಲು ನಮ್ಮನಿಯವರು ನಕ್ಕರು. ಎರಡನೇ ದಿನ ಅವರೇ ತಮ್ಮವ್ವನಿಗೆ, “ಬೇ, ಪಾಳಿ ನಿಂದು, ಅತ್ತಾಗ ಯಾಕ ನೋಡ್ತಿ?” ಅಂತ ಗದರಿದರು.

ದೋಣಿ ಸವಾರಿಗೆ ಹೋದಾಗ ದೋಣಿಯವನೊಬ್ಬ ನನ್ನ ಮಗನಿಗೆ ದೊಡ್ಡವರ ಲೈಫ್ ಜಾಕೆಟ್ ಹಾಕಿ ದಾರ ಬಿಗಿದ. ಅವನು ಅದರೊಳಗೆ ಗೋಣಿಚೀಲದಲ್ಲಿನ ಬೆಕ್ಕಿನಮರಿಯಂತೆ ಕಂಡ. ಜಾಕೆಟಿನ ಎರಡೂ ಹೆಗಲು ಹಿಡಿದು ಮೇಲೆತ್ತಿದೆ. ಜಾಕೆಟ್ ಅವನ ಕಿವಿ ದಾಟಿ ಬಂತು, ಮಗ ಕೆಳಗೇ ಉಳಿದ. ನೀರಲ್ಲೂ ಆಗುವುದು ಅದೇ. “ನಡೀತದೆ ಅಕ್ಕಾ, ಎಲ್ಲರೂ ಹಾಕ್ತಾರೆ” ಅಂದ ದೋಣಿಯವನು. ನಾವು ಹತ್ತಲಿಲ್ಲ. ಕೊಟ್ಟ ಮುಂಗಡ ವಾಪಸು ಬರಲಿಲ್ಲ, ಹೋಗಲಿ. ಗಾಳಿ ತುಂಬಿದ ಟ್ಯೂಬೂ ಅಷ್ಟೇ, ಅದು ಆಟಿಕೆ. ಬೆಳಗ್ಗೆ ನೆಲದ ಕಡೆಯಿಂದ ಕಡಲಿಗೆ ಗಾಳಿ ಬೀಸುವ ಹೊತ್ತಿನಲ್ಲಿ ಅದು ಮಗುವನ್ನು ಹೊತ್ತುಕೊಂಡೇ ಒಳಗೆ ಜಾರುತ್ತದೆ.

ಹಾಗಾದರೆ ಸಾಹಸ ಎಲ್ಲಿ ಆಯಿತು ಅಂತೀರಾ? ಎರಡನೇ ದಿನ ನಸುಕಿನಲ್ಲಿ. ಅಮಾವಾಸ್ಯೆ ಕಳೆದು ನಾಲ್ಕೇ ದಿನ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ನೀರು ಹಿಂದೆ ಸರಿದು ಒದ್ದೆ ಮರಳು ಅಂಗಳದಷ್ಟು ಅಗಲವಾಗಿ ಬಿದ್ದಿತ್ತು. ಅದರ ಮೇಲೆಲ್ಲ ಸಣ್ಣ ಸಣ್ಣ ಮರಳುಂಡೆ. “ಅವ್ವಾ, ಯಾರೋ ಸಜ್ಜಿ ಚೆಲ್ಯಾರ” ಅಂದಳು ಮಗಳು. ಕೂತೆವು. ಸದ್ದು ಮಾಡದೆ ಕೂತರೆ, ಒಂದು ತೂತಿನಿಂದ ಕಡಲೆಕಾಳಿನಷ್ಟು ಏಡಿ ಹೊರಬರುತ್ತದೆ. ಎರಡೂ ಕೈಯಿಂದ ಮರಳು ಬಾಚಿ ಬಾಯಿಗಿಡುತ್ತದೆ, ಅದರಲ್ಲಿನ ಕಣ್ಣಿಗೆ ಕಾಣದ ಆಹಾರವನ್ನು ಸೋಸಿಕೊಂಡು ಉಳಿದ ಮರಳನ್ನು ಉಂಡೆ ಕಟ್ಟಿ ಹಿಂದಕ್ಕೆ ದೂಡುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ. ಮತ್ತೊಂದು ಉಂಡೆ. ತೂತಿನ ಸುತ್ತ ಸಾಲುಸಾಲಾಗಿ, ರಂಗೋಲಿ ಚುಕ್ಕಿ ಇಟ್ಟ ಹಾಗೆ. ನೆರಳು ಬಿದ್ದರೆ ಚಣದಲ್ಲಿ ಮಾಯ. ನನ್ನ ಮಗ, ಊಟದಲ್ಲಿ ಎರಡು ನಿಮಿಷ ಕೂಡದವನು, ಹೊಟ್ಟೆ ಮೇಲೆ ಮಲಗಿ ಉಸಿರು ಬಿಗಿಹಿಡಿದು ಮುಕ್ಕಾಲು ತಾಸು ನೋಡಿದ. ನೀರು ಏರಿ ಬಂದು ಮೊದಲ ಸಾಲು ಅಳಿಸಿದಾಗ ಎದ್ದು ಸಮುದ್ರಕ್ಕೆ ಬೈದ. ಬೈಗುಳ ಅಪ್ಪನ ಕಡೆಯದು, ಇಲ್ಲಿ ಬರೆಯುವಂಥದ್ದಲ್ಲ.

ಅದೇ ದಿನ ಸಾಣಿಕಟ್ಟೆಗೆ ಹೋದೆವು, ಗೋಕರ್ಣದ ಪಕ್ಕವೇ. ಉಪ್ಪಿನ ಗದ್ದೆಗಳು. ಪ್ರವಾಸಿಗಳು ಯಾಕೋ ಇದನ್ನು ಬಿಟ್ಟು ಹೋಗುತ್ತಾರೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ 35 ಗ್ರಾಂ ಆಸುಪಾಸು ಉಪ್ಪು. ಅದನ್ನು ಬದುವಿನ ಮಡಿಗಳಿಗೆ ಬಿಟ್ಟು ಬಿಸಿಲಿಗೆ ಒಣಗಿಸಿ ಬಾಚುತ್ತಾರೆ. ನಮ್ಮನಿಯವರು ಬದುವಿನ ಮೇಲೆ ಬಹಳ ಹೊತ್ತು ನಿಂತರು. ಸಿಂಧನೂರು ಕಡೆ ಕಾಲುವೆ ನೀರು ಹೆಚ್ಚಾಗಿ ಹೊಲದ ಮೇಲೆ ಬಿಳಿ ಉಪ್ಪು ಎದ್ದರೆ ಸವಳು ಬಿತ್ತು ಅನ್ನುತ್ತೇವೆ, ಆ ಹೊಲದ ಆಸೆ ಬಿಡುತ್ತೇವೆ. “ನಮ್ಮಲ್ಲಿ ಇದು ಎದ್ರ ಅಳ್ತೀವಿ. ಇವ್ರು ಸುಗ್ಗಿ ಮಾಡ್ತಾರ,” ಅಂದರು. ಅತ್ತಿ ಒಂದು ಹರಳು ಬಾಯಿಗೆ ಹಾಕಿಕೊಂಡು, “ಉಪ್ಪೇ ಐತಿ,” ಅಂದು ತೀರ್ಪು ಕೊಟ್ಟರು.

ಕೊನೆಯ ದಿನ ಹೊನ್ನಾವರದ ಕಾಸರಕೋಡು. 2020ರಲ್ಲಿ ನಮ್ಮ ರಾಜ್ಯದಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕ ಎರಡು ಕಡಲತೀರಗಳಲ್ಲಿ ಇದೊಂದು, ಇನ್ನೊಂದು ಉಡುಪಿಯ ಪಡುಬಿದ್ರಿ. ಶೌಚಾಲಯ, ಮೈತೊಳೆಯಲು ಸಿಹಿನೀರು, ಕಾವಲಿಗೆ ಜನ. ಸಣ್ಣ ಮಕ್ಕಳ ತಾಯಂದಿರಿಗೆ ಸೂರ್ಯಾಸ್ತಕ್ಕಿಂತ ಇವು ದೊಡ್ಡವು. ಹತ್ತಿರದಲ್ಲೇ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಹಲಗೆಯ ದಾರಿ ಇದೆ. ಕೆಸರಿನಿಂದ ಮೇಲಕ್ಕೆ ಬೆರಳಿನ ಹಾಗೆ ಎದ್ದ ಬೇರು ನೋಡಿ, ಮರ ಉಸಿರಾಡಲು ಅದನ್ನು ಎತ್ತಿದೆ ಅಂದಾಗ ಮಗಳು ತಾನೂ ಮೂಗು ಮೇಲೆತ್ತಿ ನಡೆದಳು. ಊಟಕ್ಕೆ ಕುಚಲಕ್ಕಿ ಅನ್ನ ಬಂತು. ಸೋನಾ ಮಸೂರಿ ನಾಡಿನ ಮಗ ತಟ್ಟೆ ದೂಡಿ, “ಇದು ಅನ್ನ ಅಲ್ಲ” ಅಂದ. ಉಳಿದ ಸಜ್ಜಿ ರೊಟ್ಟಿ ಕಾಪಾಡಿತು.

ಕಾಸರಕೋಡಿನ ದಂಡೆಯಲ್ಲೇ ಚಪ್ಪಲಿಯ ಪ್ರಸಂಗ ಆದದ್ದು. ಅಲೆ ಬಂದು ಮಗನ ಒಂದು ನೀಲಿ ಚಪ್ಪಲಿ ಎಳಕೊಂಡು ಹೋಯಿತು. ಅವನು ಅದರ ಹಿಂದೆ ಎರಡು ಹೆಜ್ಜೆ ಇಟ್ಟ. ವಸ್ತ್ರ ನನ್ನ ಹೆಗಲ ಮೇಲಿತ್ತು, ನಾನು ಕೈ ಚಾಚುವ ಮೊದಲೇ ಮಗಳು ಅವನ ಅಂಗಿ ಹಿಡಿದು ಹಿಂದಕ್ಕೆಳೆದು ಕೂಡಿಸಿ ಕೂಗಿದಳು: “ನೀರಿಗೆ ಬಿದ್ದ ಚಪ್ಲಿ ನಿಂದಲ್ಲ, ನೀರಿಂದು!” ಅದು ನನ್ನ ಅಪ್ಪನ ಮಾತು. ಕಾಲುವೆಯಲ್ಲಿ ಮಕ್ಕಳು ಹೋಗುವುದು ಈಜಲು ಇಳಿದಲ್ಲ, ಚಪ್ಪಲಿಯೋ ತಂಬಿಗೆಯೋ ಬಿದ್ದಾಗ ಅದರ ಬೆನ್ನು ಹತ್ತಿ. ನನಗೂ ಇದನ್ನೇ ಹೇಳಿ ಬೆಳೆಸಿದರು, ಒಮ್ಮೆ ಬಾರುಕೋಲಿನ ಏಟಿನ ಜತೆ.

ಚಪ್ಪಲಿ ಹೋಯಿತು ಅಂತ ಗಂಟುಮೂಟೆ ಕಟ್ಟುವಾಗ, ಅರ್ಧ ತಾಸು ಬಿಟ್ಟು, ಸ್ವಲ್ಪ ದೂರದಲ್ಲಿ ಅದೇ ನೀಲಿ ಚಪ್ಪಲಿ ಮರಳ ಮೇಲೆ ಬಿದ್ದಿತ್ತು. ಏರುತ್ತಿದ್ದ ನೀರು ತಂದು ಒಗೆದಿತ್ತು. ಮಗಳು ಅದನ್ನು ಮುಟ್ಟಲು ಹಿಂದೆಮುಂದೆ ನೋಡಿದಳು.

ವಾಪಸು ಬಂದ ಮೇಲೆ ಸಿಂಧನೂರಿಗೆ ಹೋದಾಗ ಅವಳು ಮೊದಲು ಮಾಡಿದ್ದು ಅಜ್ಜನ ಎದುರು ಆ ಚಪ್ಪಲಿ ಇಟ್ಟದ್ದು. “ಅಜ್ಜಾ, ನೀ ಸುಳ್ಳು ಹೇಳಿದಿ. ಅದು ತಿರುಗಿ ಕೊಡ್ತು.”

ಅಪ್ಪ ಚಪ್ಪಲಿ ತಿರುವಿ ನೋಡಿದರು, ಅಟ್ಟೆಯ ಸಂದಿಯಲ್ಲಿದ್ದ ಮರಳು ಉಗುರಿನಿಂದ ಕೆದರಿದರು, ಮೂಸಿದರು.

“ತಿರುಗಿ ಕೊಡ್ತಂದ್ರ ಅದು ನೀರಲ್ಲ ಬಿಡವ್ವ, ಬ್ಯಾರೇನೋ ಐತಿ” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ನನ್ನ ಕೆಂಪು ವಸ್ತ್ರ ಎಲ್ಲಿ?”