ಏಳನೆಯ ಸೆಮಿಸ್ಟರೂ ‘ಗೇಟ್’ ಪರೀಕ್ಷೆಯೂ

ಜುಲೈ ತಿಂಗಳ ಕೊನೆಯ ಒಂದು ಮಧ್ಯಾಹ್ನ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರ ಕೊಠಡಿಗೆ ತಂದೆ ಮಗಳು ಇಬ್ಬರೂ ಬಂದರು. ಮಗಳು ಕಂಪ್ಯೂಟರ್ ವಿಜ್ಞಾನದ ಅಂತಿಮ ವರ್ಷದವಳು. ಮೊದಲ ವರ್ಷ ನನ್ನ ಕನ್ನಡ ತರಗತಿಯಲ್ಲಿ ಕುಳಿತಿದ್ದವಳು. ತಂದೆಯವರಿಗೆ ಬ್ಯಾಂಕಿನಲ್ಲಿ ಉದ್ಯೋಗ. “ಮೇಷ್ಟರೇ, ಇವಳಿಗೆ ‘ಗೇಟ್’ ಬರೆದು ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್. ಓದಬೇಕೆಂಬ ಹಂಬಲ. ಕೋಚಿಂಗಿಗೆ ಹಣ ಕಟ್ಟಲೋ ಬೇಡವೋ, ತಾವೇ ಹೇಳಿ” ಎಂದರು. ಪಂಪ, ಕುಮಾರವ್ಯಾಸರ ಪಾಠ ಹೇಳುವವನಿಗೆ ಈ ಗೊಡವೆಯೇಕೆಂದು ವಾಚಕರು ಕೇಳಬಹುದು. ಮನೆಯವರು ಇಂತಹ ಮಾತಿಗೆ ಹುಡುಕುವುದು ವಿಷಯ ಬಲ್ಲವರನ್ನಲ್ಲ, ಬಿಡುವಾಗಿ ಕುಳಿತವರನ್ನು.

‘ಗೇಟ್’ ಎಂಬುದು ಇಂಜಿನಿಯರಿಂಗ್ ಪದವೀಧರರ ಸ್ನಾತಕೋತ್ತರ ಪ್ರವೇಶಕ್ಕಾಗಿ ವಿಜ್ಞಾನ ಸಂಸ್ಥೆಯೂ ಏಳು ಐ.ಐ.ಟಿ.ಗಳೂ ಸರದಿಯ ಮೇಲೆ ನಡೆಸುವ ಪರೀಕ್ಷೆ. ಮೂರು ಗಂಟೆಯ ಅವಧಿ, 65 ಪ್ರಶ್ನೆ, 100 ಅಂಕ. ನಡೆಯುವುದು ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಕಷ್ಟವಿರುವುದು ಇಲ್ಲಿಯೇ. ಡಿಸೆಂಬರ್-ಜನವರಿಯ ಹೊತ್ತಿಗೆ ಸೆಮಿಸ್ಟರ್ ಪರೀಕ್ಷೆ, ಅದಕ್ಕೆ ಮುಂಚೆ ಆಂತರಿಕ ಪರೀಕ್ಷೆಗಳು, ಪ್ರಾಜೆಕ್ಟು, ಉದ್ಯೋಗ ಕೊಡಲು ಬರುವ ಕಂಪೆನಿಗಳ ಸಂದರ್ಶನ. ಇವೆಲ್ಲದರ ನಡುವೆ ಈ ಓದಿಗೆ ಹೊತ್ತೆಲ್ಲಿ?

ನಾನು ಹುಡುಗಿಯ ಕೈಗೆ ಒಂದು ಹಾಳೆ ಕೊಟ್ಟು, “ನಿನ್ನ ವಾರವನ್ನು ಬರೆಯಮ್ಮ. ಇರಬೇಕಾದ ವಾರವನ್ನಲ್ಲ, ಇರುವ ವಾರವನ್ನು” ಎಂದೆ. ಒಂದು ವಾರಕ್ಕೆ 168 ಗಂಟೆ. ನಿದ್ರೆಗೆ 49, ಕಾಲೇಜಿಗೆ 39, ಬಸ್ಸಿಗೆ 18, ಊಟ ಸ್ನಾನಾದಿಗಳಿಗೆ 14, ಲ್ಯಾಬ್ ರೆಕಾರ್ಡು, ಪ್ರಾಜೆಕ್ಟು ಮತ್ತು ತರಗತಿಯ ಓದಿಗೆ 14, ಮನೆಗೆಲಸಕ್ಕೆ 9. ಒಟ್ಟು 143. ಉಳಿದದ್ದು 25 ಗಂಟೆ. ಜ್ವರ, ನೆಂಟರು, ಮದುವೆಮನೆ, ಸುಮ್ಮನೆ ಕುಳಿತ ಹೊತ್ತು ಎಲ್ಲವನ್ನೂ ಕಳೆದರೆ ನಂಬಬಹುದಾದದ್ದು 15. ಆಗಸ್ಟಿನಿಂದ ಜನವರಿಯವರೆಗಿನ 26 ವಾರಗಳಲ್ಲಿ ಪರೀಕ್ಷೆಯ ವಾರಗಳನ್ನು ಬಿಟ್ಟು 20 ಎಂದರೂ 300 ಗಂಟೆಯಾಯಿತು. ದಿನಕ್ಕೆ ಎಂಟು ಗಂಟೆ ಓದುವೆನೆಂದು ಗೋಡೆಗೆ ಅಂಟಿಸಿದ ವೇಳಾಪಟ್ಟಿ ಗಣೇಶನ ಹಬ್ಬದವರೆಗೂ ಬಾಳುವುದಿಲ್ಲ. ಈ ಮುನ್ನೂರು ಗಂಟೆಯಾದರೋ ಸಾಚಾ ನಾಣ್ಯ.

ಮುನ್ನೂರು ಸಾಕೇ? ಪೂರ್ತಿ ಹೊಸದಾಗಿ ಕಲಿಯುವವನಿಗೆ ಸಾಲದು. ಆದರೆ ಇವಳು ಹೊಸಬಳಲ್ಲವಷ್ಟೆ. ಅವಳ ವಿಷಯದಲ್ಲಿ ಗಣಿತವೂ ಸೇರಿ ಹತ್ತು ವಿಭಾಗ. ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ಆಲ್ಗರಿದಮ್ ಮುಂತಾದವುಗಳಲ್ಲಿ ಬಹುಪಾಲು ಹಿಂದಿನ ಸೆಮಿಸ್ಟರುಗಳಲ್ಲಿಯೇ ಆಗಿಹೋಗಿವೆ. ನಮ್ಮ ಮಕ್ಕಳು ಕಾಲೇಜಿನ ಓದು ಒಂದು, ‘ಗೇಟ್’ ಓದು ಇನ್ನೊಂದು ಎಂದು ಬಗೆದು ಒಂದೇ ಹೊಲವನ್ನು ಎರಡು ಬಾರಿ ಉಳುತ್ತಾರೆ. ವಿಭಾಗಕ್ಕೆ 20 ಗಂಟೆಯಂತೆ 200 ತೆಗೆದಿಟ್ಟರೆ, ಮಿಕ್ಕ 100 ಗಂಟೆ ಹಳೆಯ ಪ್ರಶ್ನಪತ್ರಿಕೆಗಳಿಗೂ, 15 ಅಂಕದ ಸಾಮಾನ್ಯ ಸಾಮರ್ಥ್ಯದ ಭಾಗಕ್ಕೂ ಒದಗುತ್ತದೆ. ಈ 15 ಅಂಕವನ್ನು ಅಲಕ್ಷ್ಯ ಮಾಡುವವರು ಅನೇಕರು. ಬಸ್ಸಿನ 18 ಗಂಟೆಯಲ್ಲಿ ಒಂದಿಷ್ಟನ್ನು ಕೊಡಬಹುದಾದದ್ದು ಇದಕ್ಕೇ, ಅದೂ ಕೂರಲು ಸ್ಥಳ ಸಿಕ್ಕಿದರೆ!

ಓದಿದ್ದು ಉಳಿಯಬೇಕಲ್ಲ. ಜರ್ಮನಿಯ ಎಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವಿನ ಬಹುಪಾಲು ಮೊದಲ ದಿನದಲ್ಲಿಯೇ ಆಗಿಬಿಡುತ್ತದೆಂದು 1885ರಲ್ಲಿ ಪ್ರಕಟಿಸಿದನು. ಎಂ.ಎ. ಓದುವಾಗ ಕೇಶಿರಾಜನ ಸೂತ್ರಗಳನ್ನು ಒಂದೇ ರಾತ್ರಿ ಕಲಿತು ಮರುದಿನ ತೊದಲಿದ ನನಗೆ ಇದಕ್ಕೆ ಬೇರೆ ಸಾಕ್ಷಿ ಬೇಡ. ಆದುದರಿಂದ ಭಾನುವಾರ ಐದು ಗಂಟೆ ಒಂದೇ ವಿಷಯ ಓದುವುದಕ್ಕಿಂತ, ಮರುದಿನ, ನಾಲ್ಕು ದಿನದ ಮೇಲೆ, ಎರಡು ವಾರದ ಮೇಲೆ ಅರ್ಧರ್ಧ ಗಂಟೆ ಪುಸ್ತಕ ಮುಚ್ಚಿ ಲೆಕ್ಕ ಮಾಡುವುದು ಲೇಸು. ಕಾಲೇಜಿನ ತುಂಡುತುಂಡು ಬಿಡುವು ಇದಕ್ಕೆ ಹೇಳಿ ಮಾಡಿಸಿದಂತಿದೆ.

ನವೆಂಬರಿನಿಂದ ಪೂರ್ಣ ಪತ್ರಿಕೆಗಳನ್ನು ಬಿಡಿಸಬೇಕು. ಪರೀಕ್ಷೆ ಬೆಳಿಗ್ಗೆ 9.30ಕ್ಕೆ ಅಥವಾ ಮಧ್ಯಾಹ್ನ 2.30ಕ್ಕೆ ಆರಂಭವಾಗುತ್ತದೆ; ರಾತ್ರಿ ಹನ್ನೊಂದರ ಅಭ್ಯಾಸ ಈ ಹೊತ್ತಿಗೆ ಒದಗದು. ಕೈಯ ಕ್ಯಾಲ್ಕುಲೇಟರನ್ನು ಒಳಗೆ ಬಿಡುವುದಿಲ್ಲ, ಪರದೆಯ ಮೇಲಿನದನ್ನೇ ಒತ್ತಬೇಕು. ಅದನ್ನೂ ಮುಂಚೆಯೇ ಪಳಗಿಸಿಕೊಳ್ಳಬೇಕು. ಒಂದಂಕದ ಬಹು ಆಯ್ಕೆಯ ಪ್ರಶ್ನೆಗೆ ಉತ್ತರ ತಪ್ಪಿದರೆ ಮೂರನೆಯ ಒಂದು ಅಂಕ ಹೋಗುತ್ತದೆ. ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಗುರುತಿಸಿದರೆ ಸರಾಸರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ತಪ್ಪೆಂದು ಖಚಿತವಾದ ಒಂದನ್ನಾದರೂ ತೆಗೆದುಹಾಕಿದರೆ ಊಹೆಯೂ ಲಾಭದ ಕಡೆಗೆ ವಾಲುತ್ತದೆ. ಅಂಕಿಯಲ್ಲಿ ಉತ್ತರ ಬರೆಯುವ ಪ್ರಶ್ನೆಗಳಿಗೆ ಈ ದಂಡವಿಲ್ಲ.

ಇನ್ನು ಕೋಚಿಂಗಿನ ಮಾತು. ಅದು ಎಲ್ಲರಿಗೂ ವ್ಯರ್ಥವೆಂದು ನಾನು ಹೇಳಲಾರೆ. ತಳಪಾಯವೇ ಸಡಿಲವಾಗಿರುವವನಿಗೆ ಯಾರಾದರೊಬ್ಬರು ಹೇಳಿಕೊಡಬೇಕು. ಆದರೆ ಹದಿನೈದು ಗಂಟೆಯುಳ್ಳವಳು ಅದರಲ್ಲಿ ಹತ್ತನ್ನು ತರಗತಿಗೂ ಹೋಗಿಬರುವುದಕ್ಕೂ ಕೊಟ್ಟರೆ, ಸ್ವಂತವಾಗಿ ಲೆಕ್ಕ ಬಿಡಿಸುವುದು ಯಾವಾಗ? ಐ.ಐ.ಟಿ.ಗಳೂ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಪಾಠಗಳನ್ನು ಮನೆಯಲ್ಲಿಯೇ ಹಣ ಕೊಡದೆ ನೋಡಬಹುದು. ಒಮ್ಮೆ ಪಡೆದ ‘ಗೇಟ್’ ಅಂಕ ಮೂರು ವರ್ಷ ಸಲ್ಲುತ್ತದೆ. ಈ ಸಲ ತಪ್ಪಿದರೆ ಮುಂದಿನ ವರ್ಷ ಮತ್ತೆ ಬರೆಯಬಹುದು. ಇದನ್ನು ಕೇಳಿ ತಂದೆಯವರ ಮುಖ ಕೊಂಚ ಸಡಿಲವಾಯಿತು.

ಅವರು ಹಾಳೆಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. “ಈ ಒಂಬತ್ತು ಗಂಟೆ ಏನಮ್ಮ?” ಎಂದು ಕೇಳಿದರು. ಮಗಳು ತಲೆ ತಗ್ಗಿಸಿ, “ರಾತ್ರಿ ಪಾತ್ರೆ, ಬೆಳಿಗ್ಗೆ ಅಮ್ಮನಿಗೆ ತರಕಾರಿ ಹೆಚ್ಚಿಕೊಡೋದು, ಭಾನುವಾರದ ಬಟ್ಟೆ” ಎಂದಳು. ಬಿ.ಕಾಂ. ಓದುವ ತಮ್ಮನೊಬ್ಬ ಮನೆಯಲ್ಲಿರುವುದು ಆಮೇಲೆ ತಿಳಿಯಿತು. ತಂದೆಯವರು ಮತ್ತೇನೂ ಹೇಳದೆ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಮರುವಾರ ಹುಡುಗಿ ಇನ್ನೊಂದು ಹಾಳೆ ತಂದಳು. ಉಳಿದ ಗಂಟೆಗಳ ಎದುರು 25 ಹೊಡೆದುಹಾಕಿ 31 ಎಂದು ಬರೆದಿತ್ತು. ಅಕ್ಷರ ತಂದೆಯದು.