ಕ್ಷೇತ್ರಕಾರ್ಯದ ವೀಡಿಯೊ ಟೇಪುಗಳಿಗೆ ಗಣಕ ಪ್ರತಿ: ನಾಸಿಕ–ಎಲ್ಲೋರದ ಹಿನ್ನೆಲೆಯಲ್ಲಿ

ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿದ 'ಕವಿರಾಜಮಾರ್ಗ'ವನ್ನು ಅಭ್ಯಸಿಸುವವರಿಗೆ ಗೋದಾವರಿ ಹುಟ್ಟುವ ನಾಸಿಕ ಜಿಲ್ಲೆಯಾಗಲಿ, ಎಲ್ಲೋರವಿರುವ ಛತ್ರಪತಿ ಸಂಭಾಜಿನಗರ (2023ಕ್ಕೆ ಮೊದಲು ಔರಂಗಾಬಾದ್) ಜಿಲ್ಲೆಯಾಗಲಿ ಪರಕೀಯವಲ್ಲ. ನಾಸಿಕದ ಪಾಂಡವಲೇಣಿಯಲ್ಲಿ ಶಾತವಾಹನರ ಶಾಸನಗಳಿವೆ. ಎಲ್ಲೋರದ 15ನೆಯ ಗುಹೆಯಲ್ಲಿ ರಾಷ್ಟ್ರಕೂಟ ದಂತಿದುರ್ಗನ ಶಾಸನವಿದೆ. 1990ರ ದಶಕದಲ್ಲಿ ಅಲ್ಲಿಗೆ ಹೋದ ನಮ್ಮಂಥವರು ಟಿಪ್ಪಣಿ ಪುಸ್ತಕದೊಡನೆ ಕ್ಯಾಮ್‌ಕಾರ್ಡರನ್ನೂ ಒಯ್ದು, ಶಾಸನಗಳನ್ನೂ ಸುತ್ತಲಿನ ಊರುಗಳ ಹಿರಿಯರ ಮಾತುಗಳನ್ನೂ ಮುದ್ರಿಸಿಕೊಂಡೆವು. ಆ ಟೇಪುಗಳನ್ನು ಓದಬಲ್ಲ ಯಂತ್ರಗಳು ಇಂದು ವಿರಳವಾಗುತ್ತಿವೆ. 2019ರಲ್ಲಿ ಯುನೆಸ್ಕೊ ಕೂಡ ಈ ಅಪಾಯವನ್ನು ಕುರಿತು ಎಚ್ಚರಿಸಿತು.

ಈ ಲೇಖಕನು ಎಲ್ಲೋರದ ಹೈ8 ಟೇಪೊಂದನ್ನು ಹಿಂದೊಮ್ಮೆ ಅಂಗಡಿಯೊಂದರಲ್ಲಿ ವಿಸಿಡಿಗೆ ಇಳಿಸಿದ್ದುಂಟು. ನಮ್ಮ ದೇಶದ ಪಾಲ್ ಪದ್ಧತಿಯ ಚಿತ್ರದಲ್ಲಿ 576 ಸಾಲುಗಳಿದ್ದರೆ ವಿಸಿಡಿಯಲ್ಲಿ ಉಳಿಯುವುದು 288 ಮಾತ್ರ. ಅಕ್ಷರಗಳ ತೆಳುಗೆರೆಗಳು ಕಲ್ಲಿನಲ್ಲಿಯೇ ಬೆರೆತುಹೋದವು. ಮೂಲ ಟೇಪನ್ನು ಎಸೆಯದಿದ್ದುದೇ ಪುಣ್ಯ. ಗ್ರಂಥಸಂಪಾದನೆಯ ಮೊದಲ ಪಾಠವೇ ಇಲ್ಲಿಗೂ ಸಲ್ಲುತ್ತದೆ: ಮೊದಲು ಮೂಲಕ್ಕೆ ನಿಷ್ಠವಾದ ಪ್ರತಿ, ಅನಂತರ ಪರಿಷ್ಕರಣ. ಪ್ರತಿ ಮಾಡುವಾಗಲೇ ತಿದ್ದುವ ಲಿಪಿಕಾರನಿಂದ ಆಗುವ ಹಾನಿ ನಮಗೆ ತಿಳಿದದ್ದೇ.

ಟೇಪಿನ ಜಾತಿಯನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಮಿನಿ ಡಿವಿ ಮತ್ತು ಡಿಜಿಟಲ್8 ಟೇಪುಗಳಲ್ಲಿ ಚಿತ್ರವು ಆಗಲೇ ಅಂಕಿಗಳ ರೂಪದಲ್ಲಿರುತ್ತದೆ. ಫೈರ್‌ವೈರ್ ತಂತಿಯ ಮೂಲಕ ಆ ಅಂಕಿಗಳನ್ನೇ ಗಣಕಕ್ಕೆ ವರ್ಗಾಯಿಸಬಹುದು. ಗಂಟೆಗೆ ಸುಮಾರು 13 ಗಿಗಾಬೈಟ್ ಸ್ಥಳ ಬೇಕಾಗುತ್ತದೆ. ಟಿವಿಗೆ ಜೋಡಿಸುವ ತಂತಿಯಿಂದ ತೆಗೆದರೆ ಎರಡು ಬಾರಿ ರೂಪಾಂತರವಾಗಿ ಗುಣ ಕುಂದುತ್ತದೆ. ಹೊಸ ಗಣಕಗಳಲ್ಲಿ ಫೈರ್‌ವೈರ್ ಕಿಂಡಿ ಇಲ್ಲವಾದ್ದರಿಂದ, ಅದಿರುವ ಹಳೆಯ ಗಣಕವನ್ನು ಕಾಯ್ದಿಟ್ಟುಕೊಳ್ಳುವುದು ಲೇಸು.

ವೀಡಿಯೊ8, ಹೈ8, ವಿಎಚ್‌ಎಸ್-ಸಿ ಟೇಪುಗಳದು ಬೇರೆಯ ಸಮಸ್ಯೆ. ಇವುಗಳಲ್ಲಿರುವುದು ಅನಲಾಗ್ ಸಂಕೇತ. ಹೀಗಾಗಿ ಓದುವ ಯಂತ್ರ ಎಷ್ಟು ಚೆನ್ನಾಗಿದೆಯೋ ಪ್ರತಿಯೂ ಅಷ್ಟೇ ಚೆನ್ನಾಗಿರುತ್ತದೆ. ಮುದ್ರಿಸಿದ ಕ್ಯಾಮರಾವೇ ಸುಸ್ಥಿತಿಯಲ್ಲಿದ್ದರೆ ಅದನ್ನೇ ಬಳಸುವುದು ಮೇಲು. ಬೆಳಕು ಮತ್ತು ಬಣ್ಣಗಳ ಸಂಕೇತಗಳನ್ನು ಪ್ರತ್ಯೇಕವಾಗಿ ಒಯ್ಯುವ ಎಸ್-ವೀಡಿಯೊ ಕಿಂಡಿಯಿದ್ದರೆ ಅದನ್ನು ಆರಿಸಬೇಕು. ಗೆರೆಗಳ ನಡುಕವನ್ನು ನಿವಾರಿಸಲು ಟೈಮ್ ಬೇಸ್ ಕರೆಕ್ಟರ್ ನೆರವಾಗುತ್ತದೆ. ಗಣಕದಲ್ಲಿ 720×576 ಅಳತೆಯಲ್ಲಿ, ಎಫ್‌ಎಫ್‌ವಿ1 ಅಥವಾ ಹಫ್‌ವೈಯುವಿಯಂಥ ನಷ್ಟರಹಿತ ವಿಧಾನದಲ್ಲಿ ದಾಖಲಿಸಬೇಕು. ಸರಿ-ಬೆಸ ಸಾಲುಗಳನ್ನು ಬೆಸೆಯುವ ಕೆಲಸವನ್ನು, ಅಂದರೆ ಡಿ-ಇಂಟರ್‌ಲೇಸಿಂಗನ್ನು, ಈ ಹಂತದಲ್ಲಿ ಕೈಗೊಳ್ಳಬಾರದು. ಹಳೆಯ 8 ಮಿ.ಮೀ. ಟೇಪುಗಳನ್ನು ಓದಿ ಫೈರ್‌ವೈರ್ ಮೂಲಕ ಕೊಡುವ ಕೆಲವು ಡಿಜಿಟಲ್8 ಕ್ಯಾಮರಾಗಳೂ ಇವೆ; ಅನುಕೂಲವಿದ್ದರೂ ಅವುಗಳಿಂದ ದೊರೆಯುವುದು ತುಸು ಸಂಕೋಚಗೊಂಡ ಪ್ರತಿ.

ಟೇಪಿನ ಅಂಚಿನಲ್ಲಿ ಬಿಳಿಯ ಬೂಷ್ಟು ಕಂಡರೆ ಅದನ್ನು ಯಂತ್ರಕ್ಕೆ ಹಾಕದೆ ತಜ್ಞರಿಗೆ ಒಪ್ಪಿಸಬೇಕು. ಆರೋಗ್ಯವಾಗಿರುವ ಟೇಪಾದರೆ ಅಳಿಸಿಹೋಗದಂತೆ ರಕ್ಷಿಸುವ ಗುಂಡಿಯನ್ನು ಸರಿಸಿ, ಒಮ್ಮೆ ಪೂರ್ಣವಾಗಿ ಮುಂದಕ್ಕೂ ಹಿಂದಕ್ಕೂ ಸುತ್ತಿ, ಯಂತ್ರದ ಹೆಡ್ಡನ್ನು ಶುಚಿಗೊಳಿಸಿದ ಮೇಲೆ ಓಡಿಸಬೇಕು.

ವಿದ್ಯಾರ್ಥಿಗಳಿಗೆ ಹಂಚುವ ಕಿರುಪ್ರತಿಗಳನ್ನು ಆಮೇಲೆ ಸಿದ್ಧಪಡಿಸಿಕೊಳ್ಳಬಹುದು. ನಿಷ್ಠಪ್ರತಿಯನ್ನು ಮಾತ್ರ ಸ್ಥಳ, ದಿನಾಂಕ, ಮಾತನಾಡಿದವರ ವಿವರಗಳೊಡನೆ ಎರಡು ಬೇರೆ ಊರುಗಳಲ್ಲಿ ಇರಿಸಬೇಕು. ಹೊರನಾಡಿನ ಸಂಶೋಧಕರು ಈ ಕೆಲಸವನ್ನು ಮುಂದೂಡಬಾರದೆಂಬುದು ನಮ್ಮ ವಿನಂತಿ. ಕಲ್ಲಿನ ಶಾಸನವನ್ನು ಮತ್ತೆ ಹೋಗಿ ಚಿತ್ರೀಕರಿಸಬಹುದು. ಅಂದು ಅದರ ಬಳಿ ನಿಂತು ಮಾತನಾಡಿದ ಹಿರಿಯರ ದನಿ ಆ ಟೇಪಿನಲ್ಲಲ್ಲದೆ ಬೇರೆಲ್ಲಿಯೂ ಇಲ್ಲ.