ಮಲವಗೊಪ್ಪದ ಸಭೆ, ಕೊನೆಯಂಚಿನ ಗದ್ದೆ

ಭದ್ರಾ ಜಲಾಶಯ ಇರುವುದು ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯಲ್ಲಿ. ಅದರ ನಾಲೆಗಳಿಗೆ ಯಾವಾಗ, ಎಷ್ಟು ದಿನ ನೀರು ಎಂಬ ತೀರ್ಮಾನ ಆಗುವುದು ಮಾತ್ರ ಶಿವಮೊಗ್ಗದ ಮಲವಗೊಪ್ಪದಲ್ಲಿ. ಅಲ್ಲಿನ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ನೀರಾವರಿ ಸಲಹಾ ಸಮಿತಿ ಸೇರಿತೆಂದರೆ ಭದ್ರಾವತಿಯಿಂದ ದಾವಣಗೆರೆಯವರೆಗೆ ರೈತರ ಕಿವಿಯೆಲ್ಲ ಅತ್ತಲೇ.

ಮೊದಲು ಇಷ್ಟು ಗೋಜಲಿರಲಿಲ್ಲ. ಭದ್ರಾವತಿ ಬಳಿಯ ಗೋಂದಿ ಅಣೆಕಟ್ಟು ಲಕ್ಕವಳ್ಳಿಯದಕ್ಕಿಂತ ಹಳೆಯದು. ಅದರ ನೀರು ಸುತ್ತಲಿನ ಊರುಗಳ ವ್ಯವಹಾರವಾಗಿತ್ತು. 1947ರಲ್ಲಿ ಶುರುವಾಗಿ 1965ರಲ್ಲಿ ಮುಗಿದ 71.5 ಟಿಎಂಸಿ ಅಡಿಯ ಜಲಾಶಯ ಲೆಕ್ಕವನ್ನೇ ಬದಲಿಸಿತು. ಎಡದಂಡೆ ನಾಲೆ ಭದ್ರಾವತಿ, ಶಿವಮೊಗ್ಗದ ಕಡೆ ಹರಿಯಿತು. 103 ಕಿ.ಮೀ. ಉದ್ದದ ಬಲದಂಡೆ ನಾಲೆ ಭದ್ರಾವತಿ ತಾಲ್ಲೂಕಿನ ಆನವೇರಿಗೊಂದು ಶಾಖೆ ಕೊಟ್ಟು ದಾವಣಗೆರೆ ಸೀಮೆಗೆ ಇಳಿಯಿತು. ಒಟ್ಟು ಅಚ್ಚುಕಟ್ಟು ಲಕ್ಷ ಹೆಕ್ಟೇರ್ ದಾಟಿತು, ಬಹುಪಾಲು ಬಲದಂಡೆಯದೇ.

ನಾಲೆ ತೋಡಿದ್ದು ಸರ್ಕಾರದ ಎಂಜಿನಿಯರುಗಳು, ನಡೆಸಿದ್ದೂ ಅವರೇ. ನೀರು ಹೊಲದ ಬದುವಿನವರೆಗೂ ತಲುಪಲಿ ಎಂದು 1980ರ ಕಾಯ್ದೆ ಕಾಡಾಗೆ ಬಲ ಕೊಟ್ಟಿತು: ಹೊಲಗಾಲುವೆ, ಭೂಮಿ ಮಟ್ಟ ಮಾಡುವ ಕೆಲಸ ಅದರದಾಯಿತು. 1998ರಲ್ಲಿ ಹುಟ್ಟಿದ ಕರ್ನಾಟಕ ನೀರಾವರಿ ನಿಗಮಕ್ಕೆ ನಾಲೆ, ಗೇಟುಗಳು ಹೋದವು. ಆಮೇಲೆ ನೀರು ಬಳಕೆದಾರರ ಸಹಕಾರ ಸಂಘಗಳೂ ಬಂದವು. ಸಲಹಾ ಸಮಿತಿಗೆ ಜಿಲ್ಲಾ ಉಸ್ತುವಾರಿ ಸಚಿವರ ಅಧ್ಯಕ್ಷತೆ. ಇಷ್ಟೆಲ್ಲ ಇದ್ದರೂ ನಡುರಾತ್ರಿ ತೂಬಿನ ಬಳಿ ನಿಲ್ಲುವವನು ನೀರು ಬಿಡುವ ಸೌಡಿ ಒಬ್ಬನೇ. ನಾಲೆಯ ಮೇಲ್ಭಾಗದವರು ಪಂಪ್‌ಸೆಟ್ ಇಟ್ಟು ಎತ್ತಿದರೆ ಅವನೇನು ಮಾಡಿಯಾನು?

ನಿಜವಾದ ಜಗಳ ಬೆಳೆಯ ಬಗ್ಗೆಯದು. ಮಲವಗೊಪ್ಪದಲ್ಲೇ ಇದ್ದ ತುಂಗಭದ್ರಾ ಸಕ್ಕರೆ ಕಾರ್ಖಾನೆ ಮುಚ್ಚಿತು, ಕಬ್ಬು ಅರೆಯುತ್ತಿದ್ದ ಭದ್ರಾವತಿಯ ಕಾಗದ ಕಾರ್ಖಾನೆ ಎಂಪಿಎಂ ಕೂಡ ನಿಂತಿತು. ಕಬ್ಬು ಸೊರಗಿ ಅಡಿಕೆ ಹಬ್ಬಿತು. ತೋಟಕ್ಕೆ ಆಗಾಗ ಬಿಟ್ಟು ಬಿಟ್ಟು ನೀರು ಬಂದರೂ ಸಾಕು. ಭತ್ತಕ್ಕೆ ನಾಟಿಯಾದ ಮೇಲೆ ಸತತವಾಗಿ ಬೇಕು. 2023ರ ಮಳೆಗಾಲ ಕೈಕೊಟ್ಟಾಗ ಈ ಜಗಳ ಬೀದಿಗೆ ಬಂತು. ಮಳೆಗಾಲದ ಭತ್ತಕ್ಕೆ 100 ದಿನ ನೀರು ಎಂದು ಆಗಸ್ಟ್‌ನಲ್ಲಿ ಹೇಳಿದ್ದ ಸಮಿತಿ, ಸೆಪ್ಟೆಂಬರ್‌ನಲ್ಲಿ ಬಿಟ್ಟು ಬಿಟ್ಟು ನೀರು ಹರಿಸುವ ‘ಆನ್ ಆ್ಯಂಡ್ ಆಫ್’ಗೆ ಹೊರಳಿತು. ನಾಟಿ ಮಾಡಿದ್ದ ರೈತರು ದಾವಣಗೆರೆ ಬಂದ್‌ಗೆ ಕರೆ ಕೊಟ್ಟರು.

ಮಳೆ ಯಾರ ಕೈಯಲ್ಲೂ ಇಲ್ಲ, ಒಪ್ಪೋಣ. ಆದರೆ ಸಸಿ ಮಡಿ ಹಾಕುವ ಮುಂಚೆ ಹೇಳಬೇಕಾದ ಮಾತನ್ನು ತೆನೆ ಕಟ್ಟುವ ಮುಂಚೆ ಹೇಳುವುದು ಆಡಳಿತವಲ್ಲ. ಸಮಿತಿ ಬಿತ್ತನೆಗೆ ಮೊದಲೇ ಉಪನಾಲೆವಾರು ಸರದಿ ಪ್ರಕಟಿಸಲಿ, ಜಲಾಶಯದ ಮಟ್ಟ ಇಷ್ಟಕ್ಕಿಳಿದರೆ ಇಷ್ಟೇ ನೀರು ಎಂದೂ ಅದರಲ್ಲೇ ಬರೆಯಲಿ. ನಾಲೆಯ ಕೊನೆಯಂಚಿನ ರೈತರನ್ನು ಆ ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂರಿಸಲಿ.